1024 ಮನೆಗಳಲ್ಲಿ ಯಾರ ಮಾತು?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಪಂಪನ ಮಾತು ಬಂದರೆ ಸಹಜ, ಪಂಪಿನ ಮಾತೇಕೆ ಎಂದು ಓದುಗರು ಕೇಳಬಹುದು. ಗಡಿನಾಡಿನಲ್ಲಿ ಭಾಷೆಯ ಪ್ರಶ್ನೆ ಏಳುವುದು ವೇದಿಕೆಯ ಮೇಲೆ, ಶಾಲೆಯ ಅಂಗಳದಲ್ಲಿ, ಕಚೇರಿಯ ಅರ್ಜಿ ನಮೂನೆಯಲ್ಲಿ ಮಾತ್ರವಲ್ಲ ಎಂಬುದೇ ಅದಕ್ಕೆ ಉತ್ತರ. ಕಾಸರಗೋಡಿನ ಅಡಿಕೆ ತೋಟಗಳ ಪಂಪುಶೆಡ್ಡುಗಳಲ್ಲಿ, ಹಸಿರು ಕೆಂಪು ಗುಂಡಿಗಳ ಹಳೆಯ ಸ್ಟಾರ್ಟರಿನ ಪಕ್ಕದಲ್ಲೋ ಅದರ ಸ್ಥಾನದಲ್ಲೋ, ಈಗ ಬೆರಳುದ್ದದ ಗಾಜಿನ ಫಲಕವುಳ್ಳ ಪುಟ್ಟ ನಿಯಂತ್ರಣ ಪೆಟ್ಟಿಗೆಗಳು ಬಂದು ಕುಳಿತಿವೆ. ಕೊಳವೆಬಾವಿಯ ನೀರು ತಳ ಸೇರಿದಾಗ ಮೋಟಾರು ಬರಿದೇ ತಿರುಗಿ ಸುಟ್ಟುಹೋಗದಂತೆ ನಿಲ್ಲಿಸುವುದು, ಮೂರು ಫೇಸುಗಳಲ್ಲಿ ಒಂದು ಕೈಕೊಟ್ಟರೆ ಗುರುತಿಸುವುದು, ಕರೆಂಟು ಹೋಗಿ ಮರಳಿದಾಗ ಯಾರೂ ಶೆಡ್ಡಿಗೆ ನಡೆಯದೆಯೇ ಮತ್ತೆ ಚಾಲೂ ಮಾಡುವುದು, ಇವು ಅವುಗಳ ಕೆಲಸ. ಏನಾಯಿತೆಂಬುದನ್ನು ಅವು ಬರೆದೂ ತೋರಿಸುತ್ತವೆ: ಡ್ರೈ ರನ್, ಫೇಸ್ ಫೇಲ್, ಲೋ ವೋಲ್ಟ್, ಆಟೋ ಸ್ಟಾರ್ಟ್. ಸಾಮಾನ್ಯವಾಗಿ ಎಲ್ಲವೂ ಇಂಗ್ಲಿಷಿನಲ್ಲಿ.

ಇವು ಕನ್ನಡದಲ್ಲಿ ಏಕಿಲ್ಲ, ಮಲಯಾಳದಲ್ಲಾದರೂ ಏಕಿಲ್ಲ ಎಂದು ವಿಚಾರಿಸಿದರೆ ದೊರೆಯುವ ಉತ್ತರ ಚುಟುಕಾದುದು: ‘ಅದರ ಮೆಮೊರಿಯಲ್ಲಿ ಜಾಗವಿಲ್ಲ.’ ಈ ಮಾತಿನಲ್ಲಿ ದ್ವೇಷವಿಲ್ಲ, ತಿರಸ್ಕಾರವೂ ಇಲ್ಲ. ಆಟಿ ತಿಂಗಳಲ್ಲಿ ಹೊಳೆ ದಾಟಲಾಗದು ಎಂದು ಹೇಳುವಷ್ಟೇ ಸಹಜವಾಗಿ ಅದು ಬಾಯಿಂದ ಬರುತ್ತದೆ. ಪ್ರಕೃತಿಯ ನಿಯಮದಂತೆ ಕೇಳಿಸುವ ಮಾತನ್ನು ತುಸು ನಿಧಾನಿಸಿ ಪರೀಕ್ಷಿಸುವುದು ಒಳ್ಳೆಯದು. ಪಠ್ಯಪುಸ್ತಕದಲ್ಲಿ, ಊರ ನಾಮಫಲಕದಲ್ಲಿ, ಸಭೆಯ ಕಾರ್ಯಕ್ರಮ ಪಟ್ಟಿಯಲ್ಲಿ ನಾವು ಇದೇ ಮಾತನ್ನು ಕೇಳಿಸಿಕೊಂಡವರು. ಸಮಯ ಬಂದಾಗ ಇತರರಿಗೆ ಹೇಳಿದವರೂ ಹೌದು. ‘ಜಾಗವಿಲ್ಲ’ ಎಂಬುದು ಯಾವಾಗ ಸಂಗತಿ, ಯಾವಾಗ ತೀರ್ಮಾನ? ಜಾಗ ನಿಜಕ್ಕೂ ಕಡಿಮೆಯಿದ್ದಾಗ ಅದನ್ನು ಮೊದಲು ಯಾರಿಗೆ ಕೊಡುವುದು ನ್ಯಾಯ? ಬೇರೆ ಕಡೆಗಳಲ್ಲಿ ಈ ಪ್ರಶ್ನೆ ಭಾವೋದ್ರೇಕದಲ್ಲಿ ಕರಗಿಹೋಗುತ್ತದೆ. ಉಗುರಗಲದ ಒಂದು ಚಿಪ್ಪಿನಲ್ಲಿ ಮಾತ್ರ ಅದನ್ನು ಎಣಿಸಿ ನೋಡಬಹುದು.

ಇಂಥ ಪೆಟ್ಟಿಗೆಗಳೊಳಗೆ ಕುಳಿತು ಕೆಲಸ ನಡೆಸುವ ಚಿಪ್ಪಿಗೆ ಮೈಕ್ರೋಕಂಟ್ರೋಲರ್ ಎಂದು ಹೆಸರು. ಅವುಗಳಲ್ಲಿ ನಾನಾ ಬಗೆಗಳಿವೆ; ವಿವರಣೆಯ ಅನುಕೂಲಕ್ಕಾಗಿ ನಮ್ಮ ಶಾಲಾ ಮಕ್ಕಳೂ ವಿಜ್ಞಾನಮೇಳಗಳಲ್ಲಿ ಬಳಸುವ ಎಟಿಮೆಗಾ 328ಪಿ ಎಂಬುದನ್ನು ತೆಗೆದುಕೊಳ್ಳೋಣ. 2005ರಲ್ಲಿ ಇಟೆಲಿಯ ಇವ್ರೆಯಾ ಪಟ್ಟಣದಲ್ಲಿ ಹುಟ್ಟಿದ ಆರ್ಡುಯಿನೋ ಹಲಗೆಗಳ ಪೈಕಿ ಹೆಚ್ಚು ಪ್ರಸಿದ್ಧವಾದ ‘ಊನೋ’ದ ಹೃದಯ ಇದೇ. ಇದರಲ್ಲಿ ಮೂರು ಬಗೆಯ ನೆನಪುಗಳಿವೆ. ಮೊದಲನೆಯದು ಕೆಲಸದ ಹೊತ್ತಿನ ನೆನಪು, 2048 ಬೈಟ್; ಕರೆಂಟು ಹೋದ ಕ್ಷಣದಲ್ಲಿ ಅದು ಬರಿದಾಗುತ್ತದೆ. ಎರಡನೆಯದು ಫ್ಲಾಶ್, 32,768 ಬೈಟ್. ಯಂತ್ರ ಏನೇನು ಮಾಡಬೇಕೆಂಬ ವಿಧಿಯನ್ನು ತಯಾರಕರು ಬರೆದಿಡುವ ಸ್ಥಳ. ಮೂರನೆಯದು ಇಇಪ್ರಾಮ್, 1024 ಬೈಟ್. ಯಂತ್ರ ನಡೆಯುತ್ತಿರುವಾಗಲೇ ಒಂದೊಂದು ಬೈಟನ್ನು ಅಳಿಸಿ ಬರೆಯಬಹುದು, ಕರೆಂಟು ಹೋದರೂ ಬರೆದುದು ಉಳಿಯುತ್ತದೆ. ನಮ್ಮ ಭಾಷೆಗಳಲ್ಲಿ ಸ್ಮೃತಿ ಎಂದರೆ ನೆನಪೂ ಹೌದು, ಕಟ್ಟಳೆಯೂ ಹೌದು. ಈ ಚಿಪ್ಪಿನ ಮಟ್ಟಿಗೆ ಎರಡು ಅರ್ಥಗಳೂ ಸಲ್ಲುತ್ತವೆ.

ಒಂದು ಬೈಟನ್ನು ಒಂದು ಮನೆಯೆಂದು ಕರೆಯೋಣ. ಆ ಮನೆಯಲ್ಲಿ 0ಯಿಂದ 255ರ ವರೆಗಿನ ಒಂದು ಸಂಖ್ಯೆ ವಾಸಿಸಬಹುದು. ಸಂಖ್ಯೆಯು ಕರೆಂಟಿಲ್ಲದೆಯೂ ಅಲ್ಲಿ ಉಳಿಯುವ ಬಗೆ ಸ್ವಾರಸ್ಯವಾದುದು. ಸುತ್ತಲೂ ಗಾಜಿನಂಥ ಆಕ್ಸೈಡಿನ ಗೋಡೆಯಿರುವ, ಹೊರಗಿನ ಯಾವ ತಂತಿಗೂ ತಾಗದ ಒಂದು ಸೂಕ್ಷ್ಮ ದ್ವೀಪವನ್ನು ಕಲ್ಪಿಸಿಕೊಳ್ಳಿ. ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನುಗಳನ್ನು ಆ ದ್ವೀಪಕ್ಕೆ ದಾಟಿಸಿಬಿಟ್ಟರೆ ಅವು ಮರಳಿ ಬರಲಾರವು. ದ್ವೀಪದಲ್ಲಿ ಜನವಿದೆಯೋ ಇಲ್ಲವೋ ಎಂಬುದನ್ನು ದಡದಲ್ಲಿ ನಿಂತೇ ತಿಳಿಯಬಹುದು, ಓದುವುದೆಂದರೆ ಅದು. ಬೆಲ್ ಪ್ರಯೋಗಾಲಯದ ದಾವನ್ ಕಾಂಗ್ ಮತ್ತು ಸೈಮನ್ ಝೀ ಅವರು ಈ ಉಪಾಯವನ್ನು ಪ್ರಕಟಿಸಿದ್ದು 1967ರಲ್ಲಿ. ಅದನ್ನು ಬಳಸಿ 1971ರಲ್ಲಿ ಇಂಟೆಲಿನ ಡೋವ್ ಫ್ರೋಮನ್ ಅವರು ರೂಪಿಸಿದ ಚಿಪ್ಪಿಗೆ ಒಂದು ಪುಟ್ಟ ಸ್ಫಟಿಕದ ಕಿಟಕಿಯಿತ್ತು. ಅದರ ಮೂಲಕ ಅತಿನೇರಳೆ ಬೆಳಕು ಹಾಯಿಸಿದರೆ ದ್ವೀಪಗಳೆಲ್ಲ ಬರಿದಾಗಿ ಹಳೆಯ ಬರಹ ಅಳಿಸುತ್ತಿತ್ತು. ಬೆಳಕು ಬಿದ್ದು ನೆನಪು ಕೆಡದಿರಲೆಂದು ಆ ಕಿಟಕಿಗೆ ಚೀಟಿ ಅಂಟಿಸುವುದು ರೂಢಿ. ಅಕ್ಷರವನ್ನು ಕತ್ತಲೆಯಲ್ಲಿಟ್ಟು ಕಾಪಾಡಿದ ಕಾಲವೂ ಒಂದಿತ್ತು ಎನ್ನಬೇಕು. ಮುಂದೆ ಬೆಳಕಿನ ಹಂಗಿಲ್ಲದೆ ವಿದ್ಯುತ್ತಿನಿಂದಲೇ ಅಳಿಸಬಲ್ಲ ಇಇಪ್ರಾಮ್ ಬಂತು, ಆಮೇಲೆ ಫ್ಲಾಶ್ ಬಂತು. ನಮ್ಮ ಚಿಪ್ಪಿನ ಬರಹವು 25 ಡಿಗ್ರಿ ಸೆಲ್ಸಿಯಸಿನಲ್ಲಿ 100 ವರ್ಷ, 85 ಡಿಗ್ರಿಯಲ್ಲಿ 20 ವರ್ಷ ಉಳಿಯುವುದೆಂದು ತಯಾರಕರ ಕೈಪಿಡಿ ಹೇಳುತ್ತದೆ. ತಗಡಿನ ಮಾಡಿನ ಪಂಪುಶೆಡ್ಡು ಇವೆರಡರ ನಡುವೆ ಎಲ್ಲೋ ಇದೆ. ಬರೆದವನು ಮರೆತ ಎಷ್ಟೋ ಕಾಲದ ಬಳಿಕವೂ, ಅವನು ನೋಡದ ಊರಿನಲ್ಲಿ, ಅವನು ಅರಿಯದ ಒಬ್ಬರ ಮುಂದೆ ಆ ಮಾತು ಬೆಳಗುತ್ತಿರುತ್ತದೆ.

ಇಷ್ಟಾದರೂ ಒಳಗಿರುವುದು ಅಕ್ಷರವಲ್ಲ, ಸಂಖ್ಯೆ. ಒಂದು ಮಾತನ್ನು ಇಡುವುದೆಂದರೆ ಅದರ ಅಕ್ಷರಗಳ ಸಂಖ್ಯೆಗಳನ್ನು ಸಾಲುಮನೆಗಳಲ್ಲಿ ಕೂರಿಸಿ, ಕೊನೆಯ ಮನೆಯಲ್ಲಿ ಒಂದು ಸೊನ್ನೆಯನ್ನು ಇಡುವುದು. ಓದುವ ಯಂತ್ರ ಮೊದಲ ಮನೆಯಿಂದ ಹೊರಟು ಸೊನ್ನೆ ಸಿಕ್ಕಿದಲ್ಲಿ ನಿಲ್ಲುತ್ತದೆ. ಸೊನ್ನೆಯನ್ನು ಮರೆತರೆ ಅದು ನಿಲ್ಲದು. ಪಕ್ಕದ ಮಾತಿನೊಳಗೆ, ಅದರಾಚೆಯ ಖಾಲಿ ಮನೆಗಳೊಳಗೆ ನುಗ್ಗಿ ಅರ್ಥವಿಲ್ಲದ ಗುರುತುಗಳನ್ನು ಫಲಕದ ತುಂಬ ಚೆಲ್ಲುತ್ತದೆ. ಹಾಗೆ ನೋಡಿದರೆ ನಮ್ಮ ಶಾಸನಗಳ ಕೊನೆಯಲ್ಲಿ ಮೇಲಿಂದ ಮೇಲೆ ಕಾಣುವ ‘ಮಂಗಳ ಮಹಾ ಶ್ರೀ’ಯೂ ಇಂಥದೇ ಒಂದು ಸೊನ್ನೆ. ಇಲ್ಲಿಗೆ ಮುಗಿಯಿತು, ಇದರಾಚೆ ಏನಾದರೂ ಕಂಡರೆ ಅದು ನನ್ನ ಮಾತಲ್ಲ ಎಂದು ಬರೆಸಿದವನು ತಾನಿಲ್ಲದ ಕಾಲದ ಓದುಗನಿಗೆ ತಿಳಿಸಿಹೋಗುತ್ತಾನೆ.

ಇನ್ನು ಯಾವ ಸಂಖ್ಯೆ ಯಾವ ಅಕ್ಷರ ಎಂಬ ಒಪ್ಪಂದ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಮನೆ ಸಾಕು. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಅಂಗೀಕರಿಸಿದ ‘ಇಸ್ಕಿ’ ಎಂಬ ಸಂಕೇತ ಪದ್ಧತಿಯಲ್ಲಿ ನಮ್ಮ ಅಕ್ಷರಕ್ಕೂ ಒಂದೇ ಮನೆ. ಅಲ್ಲಿ 179 ಎಂದರೆ ಕ. ಆದರೆ ಯಾವ ಭಾಷೆಯ ಕ? ಎಲ್ಲ ಭಾಷೆಗಳ ಕ. ಅದೇ 179ನ್ನು ಕನ್ನಡ ಲಿಪಿಯಲ್ಲಿ ತೋರಿಸೆಂದರೆ ಕನ್ನಡದ ಕ, ಮಲಯಾಳ ಲಿಪಿಯಲ್ಲಿ ತೋರಿಸೆಂದರೆ ಮಲಯಾಳದ ಕ, ನಾಗರಿಯಲ್ಲಿ ಕೇಳಿದರೆ ನಾಗರಿಯ ಕ. ಅಕ್ಷರ ಒಂದು, ಉಡುಪು ಹಲವು ಎಂಬ ತತ್ತ್ವ ಅದು. ಅದೇ ವರ್ಷ ಹೊರಬಂದ ಯೂನಿಕೋಡ್ ಬೇರೆ ದಾರಿ ಹಿಡಿಯಿತು. ಅದರಲ್ಲಿ ಕನ್ನಡದ ಕ 3221, ಮಲಯಾಳದ ಕ 3349. ಎರಡೂ ಬೇರೆ ಬೇರೆ ವ್ಯಕ್ತಿಗಳು. ಒಂದೇ ಕುಟುಂಬವೆಂದು ಒಂದೇ ಹೆಸರಿನಲ್ಲಿ ಕರೆಯುವುದು ಗೌರವವೋ, ಪ್ರತಿಯೊಬ್ಬರಿಗೂ ಅವರವರ ಗುರುತು ಕೊಡುವುದು ಗೌರವವೋ? ಗಡಿನಾಡಿನವರಾದ ನಾವು ಈ ಎರಡು ಗೌರವಗಳ ನಡುವೆ 1956ರಿಂದ ತೂಗುತ್ತಲೇ ಇದ್ದೇವೆ. ಜಗತ್ತು ಯೂನಿಕೋಡನ್ನು ಆಯ್ದುಕೊಂಡಿತು, ಅದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ಅದಕ್ಕೆ ತೆತ್ತ ಬೆಲೆಯೂ ಇದೆ: ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಬರೆದರೆ ಇಂಗ್ಲಿಷಿನ ಅಕ್ಷರಕ್ಕೆ ಒಂದು ಮನೆ, ಕನ್ನಡದ್ದಕ್ಕೆ ಮೂರು. 2024ರಲ್ಲಿ ಯೂನಿಕೋಡಿಗೆ ಸೇರಿದ ತುಳು-ತಿಗಳಾರಿ ಲಿಪಿಯ ಅಕ್ಷರಕ್ಕೆ ನಾಲ್ಕು. ಮೊದಲು ಬಂದವರಿಗೆ ಹತ್ತಿರದ ಮನೆ, ತಡವಾಗಿ ಬಂದವರಿಗೆ ದೂರದ ಮನೆ.

‘ಜಾಗವಿಲ್ಲ’ ಎನ್ನುವವರು ಮುಂದಿಡುವ ಲೆಕ್ಕ ಈ ಮೂರುಪಟ್ಟಿನದು. ಅದನ್ನೊಮ್ಮೆ ಮಾಡಿಯೇ ನೋಡೋಣ. ಇಂಗ್ಲಿಷಿನಲ್ಲಿ ‘ಡ್ರೈ ರನ್’ ಎಂದು ಬರೆಯಲು, ನಡುವಿನ ತೆರಪೂ ಸೇರಿ, ಏಳು ಮನೆ ಬೇಕು. ಕನ್ನಡದಲ್ಲಿ ‘ನೀರಿಲ್ಲ’ ಎಂಬ ಮಾತಿನಲ್ಲಿ ನ, ದೀರ್ಘದ ಈಕಾರ, ರ, ಗುಡಿಸು, ಲ, ವಿರಾಮ, ಮತ್ತೆ ಲ, ಹೀಗೆ ಏಳು ಸಂಕೇತಗಳಿವೆ. ಯುಟಿಎಫ್-8ರಲ್ಲಿ 21 ಮನೆಯಾಗುವುದು ನಿಜ. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಕೇರಿಯಲ್ಲಿರುವುದು ಒಟ್ಟು 128 ಸ್ಥಾನಗಳು ಮಾತ್ರ. ‘ಇದು ಕನ್ನಡ’ ಎಂಬುದು ಮೊದಲೇ ಗೊತ್ತಿರುವಲ್ಲಿ ಪ್ರತಿ ಅಕ್ಷರಕ್ಕೂ ಊರ ಹೆಸರನ್ನು ಮತ್ತೆ ಮತ್ತೆ ಬರೆಯಬೇಕಾಗಿಲ್ಲ. ಮನೆಯ ನಂಬರೊಂದೇ ಸಾಕು. ಆಗ ‘ನೀರಿಲ್ಲ’ ಎಂಬುದಕ್ಕೂ ಏಳೇ ಮನೆ. ಇಂಗ್ಲಿಷಿಗೆಷ್ಟೋ ಕನ್ನಡಕ್ಕೂ ಅಷ್ಟೇ.

ಕೊರತೆ ಎಷ್ಟೋ ಸಲ ಅಜಾಗರೂಕತೆಯ ಫಲವೂ ಆಗಿರುತ್ತದೆ. ಈ ಬಗೆಯ ಚಿಪ್ಪಿಗೆ ಬರೆದ ವಿಧಿಯಲ್ಲಿ ಮಾತುಗಳನ್ನು ಸುಮ್ಮನೆ ಸೇರಿಸಿದರೆ, ಯಂತ್ರ ಎಚ್ಚತ್ತೊಡನೆ ಅವಷ್ಟನ್ನೂ ಫ್ಲಾಶಿನಿಂದ 2048 ಮನೆಗಳ ಕೆಲಸದ ನೆನಪಿಗೆ ನಕಲು ಮಾಡಿಕೊಳ್ಳುತ್ತದೆ. ಒಂದೇ ಮಾತಿಗೆ ಎರಡು ಬಿಡಾರ. ಮಾತು ಫ್ಲಾಶಿನಲ್ಲಿಯೇ ಇರಲಿ, ಬೇಕಾದಾಗ ಅಲ್ಲಿಂದಲೇ ಒಂದೊಂದು ಬೈಟು ಓದಿಕೊಳ್ಳೋಣ ಎಂದು ಬರೆದವನು ಹೇಳಿದರೆ ಆ ನಕಲು ತಪ್ಪುತ್ತದೆ; ಹೇಳಲಿಕ್ಕೆ ಒಂದು ಪದ ಸಾಕು. ಅದನ್ನು ಹೇಳದೆ, ತುಂಬಿದ ಚಾವಡಿಯನ್ನು ತೋರಿಸಿ ‘ನಿಮಗೆ ಜಾಗವಿಲ್ಲ’ ಎಂದರೆ ಅದು ಸಂಗತಿಯ ಕಥನವಲ್ಲ.

ಫಲಕದ ಮಾತು ಇದಕ್ಕಿಂತ ಗಂಭೀರವಾದುದು, ಅದನ್ನು ಒಪ್ಪಬೇಕು. ಅಗ್ಗದ ಪೆಟ್ಟಿಗೆಗಳಲ್ಲಿರುವ ಎರಡು ಸಾಲಿನ, ಸಾಲಿಗೆ 16 ಅಕ್ಷರಗಳ ಗಾಜಿನ ಹಿಂದೆ, ಜಪಾನಿನ ಹಿಟಾಚಿ ಕಂಪೆನಿ ರೂಪಿಸಿದ ಎಚ್‌ಡಿ44780 ಎಂಬ ಚಿಪ್ಪೋ ಅದರ ಅನುಕರಣೆಯೋ ಇರುತ್ತದೆ. ಪ್ರತಿ ಅಕ್ಷರಕ್ಕೆ ಅಗಲದಲ್ಲಿ 5, ಎತ್ತರದಲ್ಲಿ 8 ಚುಕ್ಕಿಗಳು. ಅದರೊಳಗೆ ಕಾಯಂ ಆಗಿ ಇಂಗ್ಲಿಷಿನ ಅಕ್ಷರಗಳಿವೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಗೆಯಲ್ಲಿ ಜಪಾನಿನ ಕಟಕಾನ ಅಕ್ಷರಗಳೂ ಇವೆ. ಕಾಸರಗೋಡಿನ ಪಂಪುಶೆಡ್ಡಿನಲ್ಲಿ ಕುಳಿತ ಫಲಕಕ್ಕೆ ಜಪಾನಿ ಬರೆಯಲು ಬರುತ್ತದೆ, ಕನ್ನಡವಾಗಲಿ ಮಲಯಾಳವಾಗಲಿ ಬಾರದು. ಇದನ್ನು ಕೇಳಿ ನಮಗೆ ಸಿಟ್ಟು ಬರಬಹುದು. ಅದನ್ನು ಮಾಡಿದವರು ತಮ್ಮ ಮನೆಯಂಗಳದ ಓದುಗನನ್ನು ಮೊದಲು ನೆನೆದರು, ಅದರಲ್ಲಿ ತಪ್ಪೇನಿಲ್ಲ. ನೆನೆಯಬೇಕಾದ ನಾವು ನೆನೆಯಲಿಲ್ಲ ಎಂಬುದೇ ವಿಷಯ. ನಮಗಾಗಿ ರಚಿಸಿಕೊಳ್ಳಲು ಅದರಲ್ಲಿ ಎಂಟು ಆಕೃತಿಗಳಿಗೆ ಮಾತ್ರ ಎಡೆಯಿದೆ. ಎಂಟು ಆಕೃತಿಗಳಲ್ಲಿ ಕನ್ನಡ ಬರೆಯುವುದು, ಅದರಲ್ಲೂ ಒತ್ತಕ್ಷರಗಳನ್ನು 8 ಚುಕ್ಕಿಗಳ ಎತ್ತರದಲ್ಲಿ ತುರುಕುವುದು ಆಗದ ಮಾತು. ಇಲ್ಲಿ ‘ಜಾಗವಿಲ್ಲ’ ಎಂಬುದು ಸಂಗತಿಯೇ.

ಆದರೆ 128 ಚುಕ್ಕಿ ಅಗಲ, 64 ಚುಕ್ಕಿ ಎತ್ತರದ ಚಿತ್ರಫಲಕವೂ ಇಂದು ಮಕ್ಕಳ ಆಟಿಕೆಗೆ ಬಳಸುವಷ್ಟು ಸುಲಭವಾಗಿ ದೊರೆಯುತ್ತದೆ. ಅದರಲ್ಲಿ 16 ಚುಕ್ಕಿ ಎತ್ತರದ ಒಂದು ಸಾಲು ಕನ್ನಡವನ್ನು ಚಿತ್ರವಾಗಿ ಇಟ್ಟುಕೊಂಡರೆ 256 ಬೈಟ್ ಬೇಕು. ನಮ್ಮ ಇಇಪ್ರಾಮಿನಲ್ಲಿ ಅಂಥವು ನಾಲ್ಕೇ ಹಿಡಿಯುತ್ತವೆ. ಪಕ್ಕದಲ್ಲಿ ಬೆಸೆಯಬಹುದಾದ 24ಸಿ256 ಎಂಬ ಎಂಟು ಕಾಲಿನ ಸಾಮಾನ್ಯ ಚಿಪ್ಪಿನಲ್ಲಿ 128 ಹಿಡಿಯುತ್ತವೆ. ನಲವತ್ತು ಎಚ್ಚರಿಕೆಗಳ ಪೆಟ್ಟಿಗೆಗೆ ಅದು ಮೂರು ಪಟ್ಟು ಸಾಕು. ಹಾಗಿರುವಾಗ ‘ಜಾಗವಿಲ್ಲ’ ಎಂಬ ಮಾತನ್ನು ಬಿಡಿಸಿ ಓದಿದರೆ ‘ಆ ಎಂಟು ಕಾಲಿನ ಚಿಪ್ಪಿನ, ಆ ಫಲಕದ ಬೆಲೆಯನ್ನು ನಿಮಗಾಗಿ ಸೇರಿಸಲಾರೆವು’ ಎಂದಾಗುತ್ತದೆ. ಅದು ಹೇಳಬಾರದ ಮಾತೇನಲ್ಲ. ವ್ಯಾಪಾರಿ ಹಾಗೆ ಹೇಳಬಹುದು, ಗಿರಾಕಿ ಅದಕ್ಕೆ ಎದುರುತ್ತರ ಕೊಡಬಹುದು. ‘ಸಾಧ್ಯವಿಲ್ಲ’ ಎಂಬುದರೊಡನೆ ಚರ್ಚೆ ನಡೆಯದು, ‘ಮಾಡಿಲ್ಲ’ ಎಂಬುದರೊಡನೆ ನಡೆಯುತ್ತದೆ. ಎರಡನೆಯದನ್ನು ಮೊದಲನೆಯದರ ವೇಷದಲ್ಲಿ ತರುವುದರಲ್ಲಿ ಅನ್ಯಾಯವಿದೆ.

ಇದಕ್ಕೆ ಆಕ್ಷೇಪಗಳಿವೆ. ಅಷ್ಟು ಇಂಗ್ಲಿಷು ಯಾರಿಗೆ ಬಾರದು, ಕೆಂಪು ದೀಪವೊಂದು ಹೊತ್ತಿದರೆ ಸಾಲದೇ ಎಂಬುದು ಒಂದು. ಕೆಂಪು ದೀಪ ಏನೋ ಆಗಿದೆ ಎನ್ನುತ್ತದೆ, ಏನಾಗಿದೆ ಎನ್ನದು. ನೀರಿಲ್ಲದ್ದಕ್ಕೆ ನಿಂತ ಮೋಟಾರು ಬೇರೆ, ಕರೆಂಟು ಬಂದೊಡನೆ ತಾನಾಗಿ ತಿರುಗಲು ಕಾಯುತ್ತ ನಿಂತ ಮೋಟಾರು ಬೇರೆ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದು, ತೋಟವನ್ನು ಒಬ್ಬರೇ ನೋಡಿಕೊಳ್ಳುವ ಹಿರಿಯರಿಗೆ ಈ ಎರಡರ ವ್ಯತ್ಯಾಸ ತಿಳಿಯಬೇಕಾದುದು ದೀಪದಿಂದಲ್ಲ. ಎರಡನೆಯ ಆಕ್ಷೇಪ ನಮ್ಮ ಕಡೆಗೇ ಬೆರಳು ಮಾಡುತ್ತದೆ: ಕನ್ನಡದಲ್ಲಿ ಬರೆದರೆ ಅದು ಅರ್ಥವಾಗುವ ಕನ್ನಡವಾಗಿರುತ್ತದೆಯೇ? ‘ಡ್ರೈ ರನ್’ ಎಂಬುದನ್ನು ಸಮಿತಿಯೊಂದರ ಮುಂದಿಟ್ಟರೆ ‘ಶುಷ್ಕ ಚಾಲನೆ’ ಎಂದು ಮರಳಿ ಬರುವ ಅಪಾಯ ಇದ್ದೇ ಇದೆ. ಅದಕ್ಕೆ ಹನ್ನೊಂದು ಮನೆ ಬೇಕು, ನಾಲ್ಕು ಹೆಚ್ಚು. ತಿಳಿಯುವವರು ಇಂಗ್ಲಿಷು ತಿಳಿಯುವವರಿಗಿಂತಲೂ ಕಡಿಮೆ. ಕೊಟ್ಟ ಜಾಗವನ್ನು ಹೀಗೆ ಹಾಳುಮಾಡುವವರಿಗೆ ಜಾಗ ಕೇಳುವ ಹಕ್ಕು ತುಸು ಸಡಿಲಾಗುತ್ತದೆ ಎಂದರೆ ವಿದ್ವಾಂಸರು ಮುನಿಯಬಾರದು.

ಇಲ್ಲಿಯವರೆಗಿನ ವಾದ ನಮಗೆ ಹಿತವಾದುದು. ನಾವು ಕೇಳುವವರು, ಇತರರು ಕೊಡದವರು. ಈಗ ಬರೆಯುವ ಅಧಿಕಾರವೇ ನಮ್ಮ ಕೈಗೆ ಬಂದಿದೆಯೆಂದು ಇಟ್ಟುಕೊಳ್ಳೋಣ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಪ್ರತಿ ಸಮ್ಮೇಳನದ ಸ್ವಾಗತ ಭಾಷಣದಲ್ಲಿಯೂ ಕೊಂಡಾಡುತ್ತೇವೆ. ಆ ಸಂಗಮ ಪಂಪುಶೆಡ್ಡಿಗೂ ಬರಲಿ. ಕನ್ನಡದ ‘ನೀರಿಲ್ಲ’ ಏಳು ಸಂಕೇತ. ತುಳುವಿನ ‘ನೀರ್ ಇಜ್ಜಿ’ಯನ್ನು ಕನ್ನಡ ಲಿಪಿಯಲ್ಲಿಯೇ ಬರೆದರೂ ಹತ್ತು. ಮಲಯಾಳದ ‘ವೆಳ್ಳಮಿಲ್ಲ’ ಹತ್ತು. ಪ್ರತಿಯೊಂದಕ್ಕೂ ಕೊನೆಯ ಸೊನ್ನೆ ಸೇರಿದರೆ 8, 11, 11, ಒಟ್ಟು 30. ಎಲ್ಲ ಮಾತುಗಳೂ ಸುಮಾರಾಗಿ ಇಷ್ಟುದ್ದವೆಂದು ಹಿಡಿದರೆ ನಲವತ್ತು ಮಾತುಗಳಿಗೆ 1200 ಮನೆ. ನಮ್ಮ ಇಇಪ್ರಾಮಿನಲ್ಲಿರುವುದು 1024. ಬ್ಯಾರಿ, ಕೊಂಕಣಿ, ಮರಾಠಿ, ಉರ್ದುಗಳು ಇನ್ನೂ ಬಾಗಿಲಲ್ಲಿ ನಿಂತಿವೆ. ಕೊರಗರ ನುಡಿ ನಮ್ಮ ಸ್ವಾಗತ ಭಾಷಣದ ಏಳರ ಲೆಕ್ಕಕ್ಕೂ ಸಿಕ್ಕಿದ್ದಲ್ಲ. ಇನ್ನೊಂದು ಚಿಪ್ಪು ಸೇರಿಸಿ ಎಂದು ನಾವೇ ಹೇಳಿಕೊಟ್ಟ ಉತ್ತರವಿದೆ, ನಿಜ. ಆದರೆ ಅದನ್ನು ಸೇರಿಸಲಾಗದ ಪೆಟ್ಟಿಗೆಯೂ ಇರುತ್ತದೆ, ಈ ಪೆಟ್ಟಿಗೆ ಅಂಥದೇ ಎಂದುಕೊಳ್ಳಿ. ಆಗ ‘ಜಾಗವಿಲ್ಲ’ ಎಂದು ಹೇಳುವವರು ನಾವೇ. ಯಾರಿಗೆ ಹೇಳುತ್ತೇವೆ?

ಜನಸಂಖ್ಯೆಯನ್ನು ನೋಡಿ ಹಂಚುವುದು ಒಂದು ದಾರಿ. ಆ ದಾರಿಯ ಕೊನೆಗೆ ಏನಿದೆಯೆಂಬುದನ್ನು ಭಾಷಾ ಅಲ್ಪಸಂಖ್ಯಾತರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ತೋಟದ ಯಜಮಾನನ ಭಾಷೆಗೆ ಕೊಡುವುದು ಇನ್ನೊಂದು. ಪೆಟ್ಟಿಗೆಗೆ ದುಡ್ಡು ಕೊಟ್ಟವನು ಅವನೇ ತಾನೆ? ಮೊದಲು ಯಾರು ಬಂದರು, ಯಾರ ಸಾಹಿತ್ಯ ಹಳೆಯದು ಎಂಬುದು ಮೂರನೆಯದು, ನಮ್ಮವರಿಗೆ ಬಹಳ ಪ್ರಿಯವಾದುದು. ಪಂಪುಶೆಡ್ಡಿನ ಮುಂದೆ ನಿಂತು ಯೋಚಿಸಿದರೆ ಮೂರೂ ಸೋಲುತ್ತವೆ. ಕರೆಂಟು ಹೋದ ಹೊತ್ತಿನಲ್ಲಿ ಫೂಟ್‌ವಾಲ್ವಿಗೆ ಸಿಕ್ಕಿದ ಕಸ ತೆಗೆಯಲೋ ಬೆಲ್ಟು ಸರಿಪಡಿಸಲೋ ಮೋಟಾರಿಗೆ ಕೈಯಿಡುವವನು ಯಜಮಾನನೇ ಆಗಿರಬೇಕೆಂದಿಲ್ಲ. ಅವನು ಕೊರಗರವನಿರಬಹುದು, ತುಳು ಮಾತ್ರ ಬಲ್ಲವನಿರಬಹುದು. ಈಚಿನ ವರ್ಷಗಳಲ್ಲಿ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಕೆಲಸಕ್ಕೆ ಬಂದವನೂ ಇರಬಹುದು. ‘ಆಟೋ ಸ್ಟಾರ್ಟ್’ ಎಂದು ಫಲಕ ಮಿನುಗುತ್ತಿದ್ದು ಅದು ಅವನಿಗೆ ಓದಲಾಗದ ಭಾಷೆಯಲ್ಲಿದ್ದರೆ, ಮರುಕ್ಷಣದಲ್ಲಿ ಕರೆಂಟು ಬಂದಾಗ ನಷ್ಟವಾಗುವುದು ಅವನ ಬೆರಳು. ಯಜಮಾನನಿಗಾಗುವ ನಷ್ಟ ಹೆಚ್ಚೆಂದರೆ ಒಂದು ಮೋಟಾರು.

ಆದುದರಿಂದ ಭಾಷೆಗಳ ನಡುವೆ ಆಯ್ಕೆ ಮಾಡುವುದಕ್ಕೆ ಮೊದಲು ಮಾತುಗಳ ನಡುವೆ ಆಯ್ಕೆ ಮಾಡಬೇಕು ಎಂದು ನನಗೆ ತೋರುತ್ತದೆ. ನಲವತ್ತು ಮಾತುಗಳಲ್ಲಿ ಓದಲಾಗದಿದ್ದರೆ ಮೈಗೆ, ಪ್ರಾಣಕ್ಕೆ ಅಪಾಯವಾಗುವಂಥವು ಎಷ್ಟು? ಎಂಟು ಎನ್ನೋಣ: ತಾನಾಗಿ ಚಾಲೂ ಆಗುವುದು, ಮೈಗೆ ಕರೆಂಟು ತಾಗುವುದು ಇತ್ಯಾದಿ. ಆ ಎಂಟು ಮಾತುಗಳನ್ನು ಮೂರು ಭಾಷೆಗಳಲ್ಲಿಯೂ ಬರೆಯಿರಿ, 240 ಮನೆ. ಉಳಿದ 32 ಮಾತುಗಳು ಆ ತೋಟದ ಬಳಕೆಯ ಒಂದೇ ಭಾಷೆಯಲ್ಲಿರಲಿ, ಅದು ಕನ್ನಡವಾದರೆ 256 ಮನೆ. ಒಟ್ಟು 496. ಜಾಗವಿಲ್ಲವೆಂದು ಜಗಳಾಡಿದ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಖಾಲಿ ಉಳಿದವು. ಒಡಿಯಾದ ಎಂಟು ಮಾತುಗಳಿಗೆ ಎಡೆ ಬೇಕಾದರೆ ಇಲ್ಲೇ ಇದೆ.

ಈ ನಿಯಮವನ್ನು ಒಪ್ಪಿದರೆ ನುಂಗಬೇಕಾದ ಕಹಿಯೊಂದಿದೆ, ಅದನ್ನು ಮರೆಮಾಚಬಾರದು. ಕನ್ನಡಿಗನ ತೋಟವೇ ಇರಲಿ, ಅಲ್ಲಿ ದುಡಿಯುವವರೆಲ್ಲ ಮಲಯಾಳ ಶಾಲೆಯಲ್ಲಿ ಓದಿದವರಾದರೆ ಅಪಾಯದ ಮಾತಿಗೆ ಮೊದಲ ಜಾಗ ಮಲಯಾಳದ್ದು. ನಮ್ಮ ಮಕ್ಕಳಲ್ಲಿ ಹಲವರು ಮೂರು ಭಾಷೆಗಳನ್ನೂ ಸರಾಗವಾಗಿ ಓದುತ್ತಾರೆ. ಅವರ ಸುರಕ್ಷತೆಯ ಹೆಸರಿನಲ್ಲಿ ಕನ್ನಡಕ್ಕೆ ಮೊದಲ ಮಣೆ ಕೇಳಲಾಗದು. ಹಾಗಾದರೆ ಭಾಷೆಯ ಮಾನ ಎಲ್ಲಿಗೆ ಹೋಯಿತು, ಭಾಷೆಯೆಂದರೆ ಕೈ ಕಡಿಯದಂತೆ ತಡೆಯುವ ಬೇಲಿ ಮಾತ್ರವೇ ಎಂದು ಹಿರಿಯರು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಮಾನದ ಹಕ್ಕು ಸುಳ್ಳಲ್ಲ, ಅದು ಎರಡನೆಯ ಸುತ್ತಿನ ಹಕ್ಕು. ಮೊದಲ ಸುತ್ತಿನ ಎಂಟು ಮಾತುಗಳು ಕುಳಿತ ಮೇಲೆ ಉಳಿಯುವ ಮನೆಗಳಲ್ಲಿ ಅದು ತಲೆಯೆತ್ತಿ ನಿಲ್ಲಬಹುದು, ಮತ್ತು ಆಗ ‘ಜಾಗವಿಲ್ಲ’ ಎಂಬ ಉತ್ತರವನ್ನು ಅದು ಒಪ್ಪಬೇಕಾಗಿಲ್ಲ. ಮಾನದ ವಾದವನ್ನು ಸುರಕ್ಷತೆಯ ವಾದದ ಬೆನ್ನೇರಿಸಿ ತರುವ ಅಭ್ಯಾಸ ನಮ್ಮಲ್ಲಿದೆ. ಬಿಡಿಸಿ ಹೇಳಿದರೆ ಎರಡೂ ಗಟ್ಟಿಯಾಗುತ್ತವೆ.

ಖಾಲಿ ಮನೆಗಳ ಬಗ್ಗೆ ಒಂದೆರಡು ಮಾತು. ಫ್ಲಾಶಿನಲ್ಲಿರುವುದು ತಯಾರಕರ ಬರಹ. ತೋಟದವರು ಓದಬಹುದು, ತಿದ್ದಲಾಗದು. ಮಾತನ್ನು ಚಿತ್ರವಾಗಿ ಇಟ್ಟರೂ ಅಷ್ಟೇ, ಕನ್ನಡ ಕಾಣಿಸುತ್ತದೆ, ಆದರೆ ಕನ್ನಡದಲ್ಲಿ ಹೊಸದೊಂದು ಮಾತನ್ನು ಬರೆಯಲು ಬರುವುದಿಲ್ಲ. ಇಇಪ್ರಾಮಿನ ಗುಣವೇ ಬೇರೆ: ಶೆಡ್ಡಿನಲ್ಲಿ ನಿಂತವರೇ ಬರೆಯಬಹುದು. ಒಂದು ಭಾಷೆಗೆ ಓದುವ ಹಕ್ಕು ಕೊಟ್ಟು ಬರೆಯುವ ಹಕ್ಕನ್ನು ಇಟ್ಟುಕೊಳ್ಳುವುದು ಅರ್ಧ ಔದಾರ್ಯ. ಹಾಗೆಂದು ಬರೆಯುವುದಕ್ಕೆ ಮಿತಿಯಿಲ್ಲವೆಂದಲ್ಲ. ಇಲ್ಲಿ ಓದಿದರೆ ಮನೆ ಸವೆಯುವುದಿಲ್ಲ, ಬರೆದರೆ ಸವೆಯುತ್ತದೆ. ಒಂದೊಂದು ಮನೆಗೆ ತಯಾರಕರು ಕೊಡುವ ಭರವಸೆ ಒಂದು ಲಕ್ಷ ಬರಹಗಳದು. ನಿಮಿಷಕ್ಕೊಮ್ಮೆ ಒಂದೇ ಮನೆಯಲ್ಲಿ ಬರೆಯುವ ಯಂತ್ರ ಆ ಭರವಸೆಯನ್ನು ಸುಮಾರು 70 ದಿನಗಳಲ್ಲಿ ತೀರಿಸಿಬಿಡುತ್ತದೆ. ದಿನಕ್ಕೊಮ್ಮೆ ಬರೆದರೆ 270 ವರ್ಷ ಬಾಳೀತು. ಆದ್ದರಿಂದ ತಿಳಿದವರು ಮೊದಲು ಓದಿ ನೋಡಿ, ಅಲ್ಲಿರುವುದೇ ಬರೆಯಬೇಕಾದುದಾದರೆ ಬರೆಯದೆ ಬಿಡುತ್ತಾರೆ.

ಬರೆಯುವುದು ನಿಧಾನವೂ ಹೌದು. ಒಂದು ಬೈಟಿಗೆ ಸುಮಾರು 3.3 ಮಿಲಿಸೆಕೆಂಡು. ಹದಿನಾರು ಬೈಟಿನ ಒಂದು ಹೆಸರಿಗೆ 50 ಮಿಲಿಸೆಕೆಂಡಿನ ಮೇಲೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು ಎನ್ನಿಸಬಹುದು, ಆದರೆ ನಮ್ಮ ಕಡೆಯ ಕರೆಂಟಿಗೆ ಅಷ್ಟು ಹೊತ್ತು ಧಾರಾಳ. ನಡುವೆ ಕೈಕೊಟ್ಟರೆ ಅರ್ಧ ಹಳೆಯ ಮಾತು ಅರ್ಧ ಹೊಸ ಮಾತು ಕೂಡಿ ಮೂರನೆಯದೊಂದು ಉಳಿಯುತ್ತದೆ. ಅದಕ್ಕಾಗಿ ಹಳೆಯದನ್ನು ಅಳಿಸದೆ, ಹೊಸದನ್ನು ಬೇರೆ ಸಾಲುಮನೆಗಳಲ್ಲಿ ಪೂರ್ತಿ ಬರೆದು, ಓದಿ ಸರಿಯೆಂದು ಕಂಡ ಬಳಿಕವೇ ‘ಇನ್ನು ಮುಂದೆ ಇದು’ ಎಂಬ ಗುರುತನ್ನು ಹಾಕುವುದು ರೂಢಿ. ಊರುಗಳ ಹೆಸರು ಬದಲಿಸಲು ಹೊರಡುವವರಿಗೆ ಈ ರೂಢಿ ಪರಿಚಯವಾಗಲೆಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಉಳಿದ ಮನೆಗಳಲ್ಲಿ ಏನು ಬರೆಯಬೇಕೆಂದು ತಯಾರಕರು ಹೇಳುವಂತಿಲ್ಲ, ಸಂಘವೂ ಹೇಳುವಂತಿಲ್ಲ. ಆದರೂ ಒಂದು ಸೂಚನೆ. ಈ ಪೆಟ್ಟಿಗೆಗಳು ತೋಟದ ಭಾಗಗಳನ್ನು ‘ವಾಲ್ವ್ 1’, ‘ವಾಲ್ವ್ 2’ ಎಂದು ಕರೆಯುತ್ತವೆ. ಮನೆಯವರು ಹಾಗೆ ಕರೆಯುವುದಿಲ್ಲ. ಅವರಿಗೆ ಅದು ಬೈಲಿನ ತೋಟ, ಮಜಲು, ಸುರಂಗದ ಬದಿ, ಅಜ್ಜಿ ನೆಟ್ಟ ಸಾಲು. ಪಕ್ಕದ ತೋಟದಲ್ಲಿ ಅವಕ್ಕೆ ತುಳುವಿನಲ್ಲಿ, ಮಲಯಾಳದಲ್ಲಿ ಬೇರೆಯೇ ಹೆಸರು. ಆ ಹೆಸರುಗಳು ಯಾವ ಸರ್ವೆ ದಾಖಲೆಯಲ್ಲಿಯೂ ಇಲ್ಲ, ಹೇಳುತ್ತಿದ್ದವರು ಹೋದಂತೆ ಹೋಗುತ್ತಿವೆ. 1024ರಲ್ಲಿ 496 ಕಳೆದರೆ 528. ಒಂದು ಹೆಸರಿಗೆ 16 ಮನೆಯಂತೆ ಹಂಚಿದರೆ 33 ಹೆಸರುಗಳು ಸರಿಯಾಗಿ ಕೂರುತ್ತವೆ. ಮೂವತ್ತಮೂರು ವಾಲ್ವುಗಳಿರುವ ತೋಟ ನಮ್ಮ ಕಡೆ ಅಪರೂಪ.